ಕೇಳುವವರಿಲ್ಲದ ನಾಡು

ಅಂತಿಮ ವರ್ಷದ ಪರೀಕ್ಷೆ ಸಮೀಪಿಸಿದಂತೆಲ್ಲ ನಮ್ಮ ವಿದ್ಯಾರ್ಥಿನಿಲಯದ ರಾತ್ರಿಯ ಮಾತುಕತೆಗಳು ಪರದೇಶದ ಕಡೆಗೆ ಹರಿಯುತ್ತವೆ. ಒಬ್ಬನಿಗೆ ದುಬೈ, ಇನ್ನೊಬ್ಬನಿಗೆ ಅಮೆರಿಕ. ಸಂಬಳದ ಲೆಕ್ಕ ಮುಗಿದ ಮೇಲೆ ಯಾರಾದರೊಬ್ಬರು ನಿಟ್ಟುಸಿರಿಟ್ಟು ಹೇಳುವ ಮಾತು ಒಂದೇ: “ಅಲ್ಲಿ ನಮ್ಮನ್ನು ಕೇಳುವವರೇ ಇಲ್ಲ ಕಣೋ!” ಇದನ್ನೇ ನಾವು ವ್ಯಕ್ತಿಸ್ವಾತಂತ್ರ್ಯವೆಂದು ಭಾವಿಸಿದ್ದೇವೆ. ಈ ಭಾವನೆ ಎಷ್ಟರಮಟ್ಟಿಗೆ ಸರಿ?

ಈ ಮಾತಿನ ಹಿಂದಿರುವ ಬೇಗುದಿ ಸುಳ್ಳಲ್ಲ. ನಮ್ಮ ಮನೆತನದಲ್ಲಿ ಬಿ.ಎ. ತರಗತಿಯ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಊರಿಗೆ ಹೋದರೆ ಯಾರೊಡನೆ ಓಡಾಟ, ನೌಕರಿ ಯಾವಾಗ, ಮದುವೆ ಯಾವಾಗ ಎಂದು ಕಟ್ಟೆಯ ಮೇಲೆ ಕುಳಿತವರೆಲ್ಲ ಕೇಳುವವರೇ. ಪೇಟೆಯಲ್ಲಿ ಬಾಡಿಗೆಯ ಕೋಣೆ ಹುಡುಕಿದರೆ ಮೊದಲ ಪ್ರಶ್ನೆಯೇ ಜಾತಿ. ಹೆಣ್ಣುಮಕ್ಕಳ ಪಾಡಂತೂ ಹೇಳತೀರದು. ಇಂಥ ಕಣ್ಣುಗಳಿಂದ ದೂರ ಹೋಗಬೇಕೆನ್ನುವುದು ಅಪರಾಧವಲ್ಲ.

ಹಾಗೆ ದೂರ ಹೋದಾಗ ಮನುಷ್ಯ ನಿರಾಳವಾಗಿ ಉಸಿರಾಡುವನೆಂಬುದಕ್ಕೆ ನಮ್ಮ ಚರಿತ್ರೆಯಲ್ಲೇ ನಿದರ್ಶನವುಂಟು. 1913ರಲ್ಲಿ ಡಾ. ಅಂಬೇಡ್ಕರ್ ಅವರು ಬರೋಡೆಯ ಮಹಾರಾಜರ ವಿದ್ಯಾರ್ಥಿವೇತನ ಪಡೆದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೋದರು. ಹೊರನಾಡಿನಲ್ಲಿ ಕಳೆದ ವರ್ಷಗಳು ತಾವು ಅಸ್ಪೃಶ್ಯರೆಂಬ ನೆನಪನ್ನೇ ಮನಸ್ಸಿನಿಂದ ಅಳಿಸಿಹಾಕಿದ್ದವೆಂದು ಅವರೇ ಮುಂದೆ ಬರೆದಿದ್ದಾರೆ. ಆದರೆ 1917ರಲ್ಲಿ ಹಿಂದಿರುಗಿ ಬರೋಡೆಯಲ್ಲಿ ಉದ್ಯೋಗಕ್ಕೆ ಸೇರಿದಾಗ ಅವರಿಗೆ ತಂಗಲು ಮನೆ ದೊರೆಯಲಿಲ್ಲ. ಪಾರಸಿ ಹೆಸರಿಟ್ಟುಕೊಂಡು ಪಾರಸಿಗಳ ಛತ್ರವೊಂದರಲ್ಲಿ ಉಳಿದರು. ಕೆಲವೇ ದಿನಗಳಲ್ಲಿ ಕೋಲು ಹಿಡಿದ ಗುಂಪೊಂದು ಬಂದು ಅವರನ್ನು ಹೊರಡಿಸಿತು. ಪರದೇಶ ಕೊಟ್ಟ ಸ್ವಾತಂತ್ರ್ಯ ಸ್ವದೇಶದಲ್ಲಿ ಚಲಾವಣೆಯಾಗಲಿಲ್ಲ.

ಹೋದ ನಾಡಿನಲ್ಲಾದರೂ ಅದು ಪೂರ್ಣವೇ? ನಮ್ಮ ಕರಾವಳಿಯ ಎಷ್ಟೋ ಮನೆಗಳ ಒಲೆ ಕೊಲ್ಲಿ ದೇಶಗಳ ದುಡಿಮೆಯಿಂದ ಉರಿದಿದೆ. ಅಲ್ಲಿ ಬಹುಕಾಲ ನಡೆದುಬಂದ ಕಫಾಲಾ ಪದ್ಧತಿಯಲ್ಲಿ ಕೆಲಸಗಾರನ ವಾಸದ ಹಕ್ಕು ಧಣಿಯ ಕೈಯಲ್ಲಿತ್ತು. ಅವನ ಒಪ್ಪಿಗೆಯಿಲ್ಲದೆ ಬೇರೆ ಕೆಲಸಕ್ಕೆ ಸೇರುವಂತಿರಲಿಲ್ಲ. ಕೆಲವೆಡೆ ದೇಶ ಬಿಟ್ಟು ಹೊರಡುವಂತೆಯೂ ಇರಲಿಲ್ಲ. ಕೆಲಸ ಬದಲಿಸಲು ಧಣಿಯ ಒಪ್ಪಿಗೆ ಬೇಕೆಂಬ ಕಟ್ಟನ್ನು ಕತಾರ್ ದೇಶ ಕಾನೂನಿನಿಂದ ತೆಗೆದದ್ದು 2020ರಲ್ಲಿ. ಅಮೆರಿಕದಲ್ಲಿ ಎಚ್-1ಬಿ ವೀಸಾದ ಮೇಲಿರುವ ಇಂಜಿನಿಯರು ಕೆಲಸ ಕಳೆದುಕೊಂಡರೆ ಸಾಮಾನ್ಯವಾಗಿ 60 ದಿನಗಳೊಳಗೆ ಬೇರೆ ದಾರಿ ನೋಡಿಕೊಳ್ಳಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಏನು ಉಡುವೆ, ಏನು ಉಣ್ಣುವೆ ಎಂದು ಅವನನ್ನು ಕೇಳುವವರಿಲ್ಲ, ನಿಜ. ಮೇಲಧಿಕಾರಿಗೆ ಎದುರಾಡುವ ಮುನ್ನ ಮಾತ್ರ ಹತ್ತು ಸಲ ಯೋಚಿಸಬೇಕು. ಜಾತಿಯೂ ಪೆಟ್ಟಿಗೆಯೊಳಗೆ ಕುಳಿತು ಸಮುದ್ರ ದಾಟಿದೆ. ಅಲ್ಲಿನ ಸಿಯಾಟಲ್ ನಗರ 2023ರಲ್ಲಿ ಜಾತಿಭೇದವನ್ನು ನಿಷೇಧಿಸಿ ಕಾನೂನು ಮಾಡಬೇಕಾಯಿತು.

“ಕೇಳುವವರಿಲ್ಲ” ಎಂಬ ನಮ್ಮ ನುಡಿಗೆ ಎರಡು ಅರ್ಥಗಳುಂಟು. ತಡೆಯುವವರಿಲ್ಲ ಎಂಬುದೊಂದು, ಕಷ್ಟದಲ್ಲಿ ವಿಚಾರಿಸುವವರಿಲ್ಲ, ಅಹವಾಲಿಗೆ ಕಿವಿಗೊಡುವವರಿಲ್ಲ ಎಂಬುದು ಇನ್ನೊಂದು. ನಾವು ಮೊದಲನೆಯದನ್ನು ಬಯಸಿ ಹೊರಡುತ್ತೇವೆ. ಎರಡನೆಯದು ಅದರ ಬೆನ್ನಿಗೇ ಬರುತ್ತದೆ.

ನನ್ನ ಅಭಿಪ್ರಾಯದಲ್ಲಿ, ಅನ್ಯಾಯವಾದಾಗ ನನ್ನ ಮಾತನ್ನು ಕೇಳಲೇಬೇಕಾದವರಿದ್ದಾರೆ ಎಂಬ ಭರವಸೆಯೇ ನಿಜವಾದ ವ್ಯಕ್ತಿಸ್ವಾತಂತ್ರ್ಯ. 1977ರಲ್ಲಿ ಸರ್ಕಾರ ಕಾರಣ ತಿಳಿಸದೆ ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು ಒಪ್ಪಿಸುವಂತೆ ಆಜ್ಞಾಪಿಸಿತು. ಪರದೇಶಕ್ಕೆ ಹೋಗುವ ಹಕ್ಕು ಸಂವಿಧಾನದ 21ನೆಯ ವಿಧಿಯ ಸ್ವಾತಂತ್ರ್ಯದಲ್ಲಿ ಸೇರಿದೆ, ಅದನ್ನು ಕಸಿಯುವ ಕ್ರಮ ನ್ಯಾಯವಾಗಿರಬೇಕು, ಬಾಧಿತರ ಮಾತನ್ನು ಕೇಳಬೇಕು ಎಂದು ಸುಪ್ರೀಂ ಕೋರ್ಟು 1978ರಲ್ಲಿ ಸಾರಿತು. ಆ ಸಂವಿಧಾನದ ಕರಡು ಸಮಿತಿಗೆ ಅಧ್ಯಕ್ಷರಾಗಿದ್ದವರು ಯಾರು? ಬರೋಡೆಯ ಛತ್ರದಿಂದ ಹೊರದೂಡಲ್ಪಟ್ಟ ಅಂಬೇಡ್ಕರರೇ! ಹೊರನಾಡಿನಲ್ಲಿ ಕಂಡುಂಡ ಸ್ವಾತಂತ್ರ್ಯವನ್ನು ಅವರು ತಮ್ಮೊಬ್ಬರ ಸೊತ್ತಾಗಿ ಇಟ್ಟುಕೊಳ್ಳಲಿಲ್ಲ.

ಮಿತ್ರರೇ, ಹೋಗುವವರು ಹೋಗಲಿ. ಕರಾರನ್ನು ಓದಿ ಸಹಿ ಹಾಕಲಿ, ಪಾಸ್‌ಪೋರ್ಟನ್ನು ತಮ್ಮ ಬಳಿಯೇ ಇಟ್ಟುಕೊಳ್ಳಲಿ, ಜಾತಿಯನ್ನು ಮಾತ್ರ ಒಯ್ಯದಿರಲಿ. ಇಲ್ಲೇ ಉಳಿಯುವ ನಮಗೂ ಕೆಲಸವುಂಟು. ಕೇಳಬಾರದ ಪ್ರಶ್ನೆಗಳನ್ನು ಬಿಟ್ಟು, ಕೇಳಬೇಕಾದ ಅಹವಾಲಿಗೆ ಕಿವಿಗೊಡುವ ಊರನ್ನು ನಾವು ಕಟ್ಟಬೇಕು. ಅಂಥ ಊರಿದ್ದರೆ ಹೋದವರೂ ಒಂದು ದಿನ ಹಿಂದಿರುಗಿಯಾರು.