ವಸ್ತಿ ಬಸ್ ಉಳಿದ್ರ ಕನ್ನಡ ಶಾಲೀನೂ ಉಳಿತೈತಿ

ಸಂಜಿಮುಂದ ಜತ್ತ ಸ್ಟ್ಯಾಂಡಿನಾಗ ನಿಂತವರಿಗೆ ಇದು ಗೊತ್ತು. ವಳಸಂಗದ ಕಡೆ ಹೋಗೋರು ಬೋರ್ಡ್ ನೋಡೂದಿಲ್ಲ, ಒಬ್ಬರ ಮಾರಿ ಒಬ್ಬರು ನೋಡ್ತಾರ. "ಗಾಡಿ ಬರ್ತೈತೇನ್ರಿ?" ಅಂತ ಒಬ್ಬರು ಕೇಳಿದ್ರ "ಬರಬೇಕ್ರಿ" ಅಂತಾರ ಇನ್ನೊಬ್ಬರು. "ಬರ್ತೈತಿ" ಅಂತ ಗಟ್ಟಿಯಾಗಿ ಯಾರೂ ಹೇಳಂಗಿಲ್ಲ. ಕಡೀಕ ವಡಾಪ್‌ನವ ಬಂದು ಕೂಗ್ತಾನ. ಹತ್ತು ಮಂದಿ ಕೂಡೂ ಗಾಡಿಯೊಳಗ ಹದಿನೈದು ಮಂದಿ ಹತ್ತತೀವಿ.

ವಡಾಪ್‌ನವನ ಮ್ಯಾಲೆ ನನಗೇನೂ ಸಿಟ್ಟಿಲ್ಲ. ಅವ ಇರದಿದ್ರ ನಮ್ಮ ಎಷ್ಟೋ ಮಂದಿ ರಾತ್ರಿ ಸ್ಟ್ಯಾಂಡಿನಾಗೇ ಮಲಗಬೇಕಿತ್ತು. ಆದ್ರ ಒಂದು ಲೆಕ್ಕ ನೋಡ್ರಿ. 2023ರ ಮಾರ್ಚ್‌ನಿಂದ ಎಸ್‌ಟಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಅರ್ಧ ಟಿಕೆಟ್. 75 ದಾಟಿದ ಹಿರಿಯರಿಗೆ ಪೂರ್ತಿ ಮಾಫಿ. ಹಳ್ಳಿಯ ಶಾಲಾ ಹುಡುಗಿಯರಿಗೆ ಅಹಿಲ್ಯಾಬಾಯಿ ಹೋಳ್ಕರ್ ಯೋಜನೆಯಲ್ಲಿ ಪುಕ್ಕಟೆ ಪಾಸ್. ಇದೆಲ್ಲ ಕಾಗದದ ಮ್ಯಾಲೆ ಚಲೋ ಐತಿ. ಆದ್ರ ವಡಾಪ್‌ನೊಳಗ ಪಾಸ್ ನಡೆಯಂಗಿಲ್ಲ, ಅರ್ಧ ಟಿಕೆಟ್ ಇಲ್ಲ, ಅಜ್ಜಿಗೂ ಪೂರಾ ರೊಕ್ಕ. ಅಂದ್ರ ಬಸ್ ಬಾರದ ದಿನ ಸರ್ಕಾರದ ಈ ಮೂರೂ ಸವಲತ್ತು ನಮ್ಮ ಊರಿನ ಮಟ್ಟಿಗೆ ರದ್ದಾದಂಗ. ಅದಕ್ಕೆ ಯಾವ ಆದೇಶವೂ ಬೇಕಾಗಿಲ್ಲ, ಒಂದು ಫೇರಿ ತಪ್ಪಿದ್ರ ಸಾಕು.

ಕಚೇರಿ ಕೆಲಸವೂ ಹಾಂಗೇ. ನಿರಾಧಾರ ಪಗಾರ ಬರೋ ಅಜ್ಜಿ ಹಯಾತಿ ದಾಖಲೆ ಕೊಡಬೇಕು, ಅವ್ವ ಕೆವೈಸಿ ಮಾಡಿಸಬೇಕು, ರೈತ ಸಾತಬಾರಾ ತರಬೇಕು. ಸರ್ವರ್ ಡೌನ್ ಅಂದ್ರ ನಾಳೆ ಮತ್ತ ಹೋಗಬೇಕು. ಪೇಟೆಯವನಿಗೆ "ನಾಳೆ ಬರ್ರಿ" ಅಂದ್ರ ಹತ್ತು ನಿಮಿಷದ ಮಾತು. ನಮ್ಮ ಅಜ್ಜಿಗೆ ಅದು ಒಂದು ದಿನದ ಕೂಲಿ, ಎರಡು ಹೊತ್ತಿನ ಗಾಡಿ ಖರ್ಚು.

ಇದು ಜತ್ತ ತಾಲೂಕಿನ ಎಲ್ಲರ ಗೋಳು. ಮರಾಠಿ ಮಾತಾಡೋರೂ ಇದೇ ಸ್ಟ್ಯಾಂಡಿನಾಗ ಕಾಯ್ತಾರ. ಹಂಗಾದ್ರ ಕನ್ನಡದ ಪೇಜಿನೊಳಗ ಇದನ್ನ ಯಾಕ ಬರೀತೀಯಪ್ಪಾ ಅಂತ ನೀವು ಕೇಳಬಹುದು.

ಯಾಕಂದ್ರ ಭಾಷಾ ಅಲ್ಪಸಂಖ್ಯಾತರಿಗೆ ದೂರ ಯಾವಾಗಲೂ ಜಾಸ್ತಿ. ಊರೊಳಗ ನಾಲ್ಕನೆತ್ತೆಯವರೆಗೆ ಜಿಲ್ಲಾ ಪರಿಷತ್ ಕನ್ನಡ ಶಾಲೆ ಇರ್ತೈತಿ. ಮುಂದೆ ಹೋದಂಗ ಮರಾಠಿ ಹುಡುಗನಿಗೆ ಹತ್ತಿರದ ದೊಡ್ಡ ಊರಿನಲ್ಲಿ ಶಾಲೆ ಸಿಗತೈತಿ. ಕನ್ನಡದ ಹುಡುಗ ಅದನ್ನ ದಾಟಿ ಕನ್ನಡ ಹೈಸ್ಕೂಲ್ ಇದ್ದ ಊರು ಹುಡುಕಬೇಕು. ಶಿಕ್ಷಣ ಹಕ್ಕು ಕಾಯ್ದೆಯ ನಿಯಮದಲ್ಲಿ ಐದನೆತ್ತೆವರೆಗೆ ಒಂದು ಕಿಲೋಮೀಟರ್, ಎಂಟನೆತ್ತೆವರೆಗೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಅಂತೈತಿ. ನಮ್ಮ ಪ್ರಶ್ನೆ ಸರಳ ಐತ್ರಿ: ಯಾವ ಭಾಷೆಯ ಶಾಲೆ? ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ತಾಯ್ನುಡಿ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಕೊಡಬೇಕು ಅಂತೈತಿ. ಶಾಲೆ ಇದ್ದು ಅಲ್ಲಿಗೆ ಹೋಗಾಕ ಗಾಡಿ ಇಲ್ಲದಿದ್ರ ಅದು ಎಂಥಾ ಸೌಲಭ್ಯ?

ಮನಿಯೊಳಗ ಏನಾಗತೈತಿ ಅಂತ ನಿಮಗೂ ಗೊತ್ತು. ಮಗನಿಗೆ ಹಳೇ ಗಾಡಿಯೋ ಸೈಕಲ್ಲೋ ಸಿಗತೈತಿ. ಮಗಳಿಗೆ "ಬಸ್ ತಪ್ಪಿದ್ರ ಹೆಂಗ ಬರ್ತಿ?" ಅನ್ನೋ ಪ್ರಶ್ನೆ ಸಿಗತೈತಿ. ಎರಡು ಸಲ ಕತ್ತಲಾದ ಮ್ಯಾಲೆ ಬಂದ್ರ ಮೂರನೇ ಸಲಕ್ಕೆ ಶಾಲೀನೇ ಬಂದ್. ಇಲ್ಲಾ, ಹತ್ತಿರದ ಮರಾಠಿ ಶಾಲೀಗೆ ಹೆಸರು ಹಚ್ಚತಾರ. ಕನ್ನಡ ಶಾಲೆಯಲ್ಲಿ ಪಟ ಕಡಿಮೆ ಆಗತೈತಿ, ಶಿಕ್ಷಕರ ಹುದ್ದೆ ಕಡಿಮೆ ಆಗತೈತಿ. ಆಮೇಲೆ "ಕನ್ನಡಕ್ಕೆ ಮಕ್ಕಳೇ ಇಲ್ಲ" ಅಂತ ವರದಿ ಹೋಗತೈತಿ. ಮಕ್ಕಳಿದ್ರು, ಬಸ್ ಇರಲಿಲ್ಲ ಅಂತ ವರದಿಯೊಳಗ ಯಾರೂ ಬರೆಯಂಗಿಲ್ಲ.

ಈಗ ನಮ್ಮ ಬಗ್ಗೆನೂ ಒಂದು ಮಾತು. ಬೇಜಾರಾಗಬ್ಯಾಡ್ರಿ.

ಗಡಿ ಗದ್ದಲ ಎದ್ದಾಗೆಲ್ಲ ಮೊದಲ ಏಟು ಬೀಳೋದು ಬಸ್ಸಿಗೆ. 2022ರ ನವೆಂಬರಿನಲ್ಲಿ ಪುಣೆ ಜಿಲ್ಲೆಯ ದೌಂಡದಲ್ಲಿ ಕರ್ನಾಟಕದ ಬಸ್ಸಿಗೆ ಮಸಿ ಬಳಿದ್ರು. 2025ರ ಫೆಬ್ರುವರಿಯಲ್ಲಿ ಬೆಳಗಾವಿ ಹತ್ತಿರ ಕಂಡಕ್ಟರ್ ಮೇಲೆ ಹಲ್ಲೆ ಆಯಿತು, ಚಿತ್ರದುರ್ಗದಲ್ಲಿ ಮಹಾರಾಷ್ಟ್ರದ ಬಸ್ಸಿಗೆ ಮಸಿ ಬಿತ್ತು. ಎರಡೂ ಸಲ ಗಡಿ ದಾಟೋ ಬಸ್ ನಿಂತವು. ಆ ವಿಡಿಯೋಗಳನ್ನ ನಾವೂ ಶೇರ್ ಮಾಡಿದ್ವಿ, ಕೆಳಗೆ ಸಿಟ್ಟಿನ ಮಾತೂ ಬರೆದ್ವಿ. ಆದ್ರ ಆ ದಿನ ವಿಜಯಪುರದ ದವಾಖಾನಿಗೆ ಹೋಗಬೇಕಾದ ನಮ್ಮ ಅತ್ತಿ, ಅಥಣಿಯೊಳಗ ಪರೀಕ್ಷೆ ಇದ್ದ ನಮ್ಮ ತಮ್ಮ ಎಲ್ಲಿ ನಿಂತಿದ್ರು? ಮುಂಬಯಿಯವರಿಗೂ ಬೆಂಗಳೂರಿನವರಿಗೂ ಬಸ್ ಅಂದ್ರ ಒಂದು ಬಾವುಟ. ನಮಗೆ ಅದು ಬಸ್. ಇನ್ನು ಮುಂದೆ ಯಾವ ಬಣ್ಣದ ಬಸ್ಸಿಗೆ ಯಾರು ಮಸಿ ಬಳಿದ್ರೂ ಗಡಿ ಕನ್ನಡಿಗರು ಅದನ್ನ ವಿರೋಧಿಸಬೇಕು ಅನ್ನೋದು ನನ್ನ ಅಭಿಪ್ರಾಯ.

ಎರಡು ರಾಜ್ಯಗಳ ನಡುವೆ ಬಸ್ ಓಡಿಸೋದು ಅಸಾಧ್ಯದ ಮಾತೇನಲ್ಲ. ಮೋಟಾರು ವಾಹನ ಕಾಯ್ದೆಯ 88ನೇ ಕಲಮಿನಲ್ಲಿ ರಾಜ್ಯಗಳು ಒಪ್ಪಂದ ಮಾಡಿಕೊಳ್ಳಾಕ ದಾರಿ ಐತಿ. ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರ ದಾನಮ್ಮನ ಜಾತ್ರೆಗೆ ಕರ್ನಾಟಕದ ಬಸ್ಸೂ ಬರ್ತಾವು, ಎಸ್‌ಟಿನೂ ಬರ್ತಾವು. ತಾಯಿಯ ದರ್ಶನಕ್ಕೆ ದಾರಿ ಬಿಟ್ಟ ಗಡಿ, ದವಾಖಾನಿಗೂ ಕಾಲೇಜಿಗೂ ದಾರಿ ಬಿಡಬೇಕು.

ಸರಿ, ನಾವೇನು ಮಾಡೋಣ? ಇಷ್ಟು ದಿನ "ನಮ್ಮೂರಿಗೆ ಬಸ್ ಬಿಡ್ರಿ" ಅಂತ ಕೇಳಿದ್ವಿ. ಇನ್ನು ಮುಂದೆ ಬಸ್ ಕೇಳಬ್ಯಾಡ್ರಿ, ಟೈಮ್ ಕೇಳ್ರಿ. ರಾತ್ರಿ ಊರಾಗ ವಸ್ತಿ ಇದ್ದು ಮುಂಜಾನೆ ಶಾಲಿ-ಕಾಲೇಜ್ ಟೈಮಿಗೆ ಮುಟ್ಟಿಸೋ ಒಂದು ಗಾಡಿ. ಕಚೇರಿ, ದವಾಖಾನಿ ಬಾಗಿಲು ತೆರೆಯೋ ಹೊತ್ತಿಗೆ ಒಂದು. ಕೊನೆಯ ತಾಸು ಮುಗಿದ ಮ್ಯಾಲೆ ಹುಡುಗಿಯರು ಹತ್ತುವಂಥ ವಾಪಸ್ ಗಾಡಿ ಒಂದು. ಶನಿವಾರ ಮುಂಜಾನೆ ಶಾಲಿ, ಆ ದಿನದ ಟೈಮ್ ಬ್ಯಾರೆ ಬರೀರಿ. ನಾಲ್ಕು ಗಂಟೆಗೆ ಶಾಲಿ ಬಿಡೋ ಊರಿಗೆ ಎರಡು ಗಂಟೆಗೆ ಬಸ್ ಬಂದ್ರ ಅದು ಡಿಪೋ ಲೆಕ್ಕದಾಗ ಬಸ್, ನಮ್ಮ ಲೆಕ್ಕದಾಗ ಅಲ್ಲ.

"ಭಾರಮಾನ ಇಲ್ಲ" ಅನ್ನೋ ಉತ್ತರ ಬಂದೇ ಬರ್ತೈತಿ. ಟಿಕೆಟ್ ಮಷೀನು ಹತ್ತಿದವರನ್ನ ಮಾತ್ರ ಎಣಿಸತೈತಿ, ಕಾದು ಕಾದು ವಡಾಪ್ ಹತ್ತಿ ಹೋದವರನ್ನ ಎಣಿಸಂಗಿಲ್ಲ. ಗಾಡಿ ನೆಚ್ಚಿಕೆ ಇಲ್ಲ ಅಂತ ಮಂದಿ ಬಿಡ್ತಾರ, ಮಂದಿ ಇಲ್ಲ ಅಂತ ಗಾಡಿ ಬಿಡ್ತಾರ. ಈ ಸುತ್ತು ಒಡೀಬೇಕಂದ್ರ ನಾವೇ ಎಣಿಸಬೇಕು. ನಾಲ್ಕು ಮಂದಿ ಹುಡುಗರು, ಒಂದು ವಹಿ, ಏಳು ದಿನ ನಾಕಾದಾಗ ನಿಂದರ್ರಿ. ಎಷ್ಟು ಗಂಟೆಗೆ ಎಷ್ಟು ಮಂದಿ, ಎಲ್ಲಿಗೆ, ಯಾವ ಕೆಲಸಕ್ಕೆ. ಹೆಸರು ಬೇಡ, ಲೆಕ್ಕ ಸಾಕು. ಇನ್ನೊಂದು ಕಡೆ ಹತ್ತು ರೂಪಾಯಿ ಹಚ್ಚಿ ಮಾಹಿತಿ ಹಕ್ಕಿನ ಅರ್ಜಿ ಹಾಕ್ರಿ: ನಮ್ಮ ಮಾರ್ಗದ ನಿಗದಿತ ಫೇರಿ ಎಷ್ಟು, ಹೋದ ಆರು ತಿಂಗಳಲ್ಲಿ ರದ್ದಾದವು ಎಷ್ಟು, ಯಾಕ? 30 ದಿನದೊಳಗ ಉತ್ತರ ಕೊಡಬೇಕು.

ಇಲ್ಲೊಂದು ಸೂಕ್ಷ್ಮ ತಿಳ್ಕೋರಿ. ಮಾಹಿತಿ ಹಕ್ಕಿನ ಅರ್ಜಿ ಮರಾಠಿ, ಹಿಂದಿ ಇಲ್ಲಾ ಇಂಗ್ಲಿಷಿನಾಗೇ ಇರಬೇಕು ಅಂತ ಆ ಕಾಯ್ದೆ ಹೇಳತೈತಿ. ಆದ್ರ ಕುಂದುಕೊರತೆಯ ಮನವಿಯನ್ನ ಕನ್ನಡದಾಗೇ ಕೊಡಬಹುದು, ಅದು ಸಂವಿಧಾನದ 350ನೇ ವಿಧಿ ಕೊಟ್ಟ ಹಕ್ಕು. ನನ್ನ ಸಲಹೆ: ಮೇಲೆ ಕನ್ನಡದ ಮನವಿ, ಕೆಳಗೆ ಮರಾಠಿ ಪ್ರತಿ, ಕೈಯಾಗ ಪೋಚ್. ಕನ್ನಡ ಬಿಡಬ್ಯಾಡ್ರಿ. ಆದ್ರ "ಓದಾಕ ಬರಲಿಲ್ಲ" ಅನ್ನೋ ನೆವಾನೂ ಅವರಿಗೆ ಕೊಡಬ್ಯಾಡ್ರಿ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ಈ ಗ್ರಾಮಸಭೆಗಳಲ್ಲಿ ಧ್ವಜ ಹಾರಿಸಿ ಪೇಡೆ ತಿಂದು ಮನಿಗೆ ಬರಬ್ಯಾಡ್ರಿ. ಕೂತು ಠರಾವು ಬರೆಸ್ರಿ. ಮರಾಠಿ ಮಾತಾಡೋ ಗೆಳೆಯರ ಸಹೀನೂ ತಗೋರಿ. ಅವರಿಗೂ ಇದೇ ಬಸ್ ಬೇಕು.

ಡಿಪೋ "ನಷ್ಟ" ಅಂದ್ರ ಅದಕ್ಕೂ ಒಂದು ದಾರಿ ಐತಿ. ಕೇರಳದಲ್ಲಿ 2022ರ ಜುಲೈನಲ್ಲಿ ಗ್ರಾಮವಂಡಿ ಅಂತ ಯೋಜನೆ ಶುರುವಾಯಿತು, ಮೊದಲು ತಿರುವನಂತಪುರ ಜಿಲ್ಲೆಯ ಕೊಲ್ಲಯಿಲ್ ಪಂಚಾಯ್ತಿಯಲ್ಲಿ. ಬಸ್ಸು, ಡ್ರೈವರ್, ಕಂಡಕ್ಟರ್ ಸಾರಿಗೆ ಸಂಸ್ಥೆಯವರು. ಡೀಸೆಲ್ ಖರ್ಚು ಸ್ಥಳೀಯ ಸಂಸ್ಥೆಯದು. ಮಾರ್ಗ, ಟೈಮ್ ಊರವರು ಹೇಳಿದ್ದು. ನಮ್ಮ ಕಡೆಗೆ ಅಂದಾಜು ಲೆಕ್ಕ ಹಾಕೋಣ: 15 ಕಿಲೋಮೀಟರ್ ಮಾರ್ಗ, ದಿನಕ್ಕೆ ಎರಡು ಸಲ ಹೋಗಿ ಬಂದ್ರ 60 ಕಿಲೋಮೀಟರ್. ಲೀಟರಿಗೆ ನಾಲ್ಕೂವರೆ ಕಿಲೋಮೀಟರ್, ಡೀಸೆಲ್ ದರ 90 ರೂಪಾಯಿ ಅಂತ ಹಿಡಿದ್ರ ದಿನಕ್ಕೆ 1,200 ರೂಪಾಯಿ. ತಿಂಗಳಿಗೆ 25 ದಿನ ಅಂದ್ರ 30,000. ಐದು ಊರು ಕೂಡಿದ್ರ ಊರಿಗೆ 6,000. ಈ ರೊಕ್ಕ ಪಂಚಾಯ್ತಿ ಕೊಡಬೇಕೋ, ಜಿಲ್ಲಾ ಪರಿಷತ್ ಕೊಡಬೇಕೋ ಅಂತ ಜಗಳ ಆಗಲಿ, ಆಗಬೇಕು. ಆದ್ರ ಮೊತ್ತ ಎಷ್ಟು ಅಂತ ಗೊತ್ತಿದ್ದು ಜಗಳ ಆಡೋಣ. ಎಂಟನೆತ್ತೆವರೆಗಿನ ಮಕ್ಕಳಿಗೆ ಸಮಗ್ರ ಶಿಕ್ಷಾ ಯೋಜನೆಯಲ್ಲಿ ವಾಹನ ಭತ್ಯೆಯೂ ಐತಿ. ಕನ್ನಡ ಶಾಲೆಯ ದೂರ ತೋರಿಸಿ ಅದನ್ನೂ ಕೇಳ್ರಿ.

2022ರ ಕೊನೆಯಲ್ಲಿ ಜತ್ತದ ಹೆಸರು ಎರಡೂ ವಿಧಾನಸಭೆಗಳಲ್ಲಿ ಗದ್ದಲ ಎಬ್ಬಿಸಿತ್ತು. ನಾವು ಯಾವ ರಾಜ್ಯದವರು ಅಂತ ದೊಡ್ಡವರು ಮಾತಾಡಿದ್ರು. ಸಂಜಿ ಆರಕ್ಕ ನಮ್ಮ ತಂಗಿ ಮನಿಗೆ ಹೆಂಗ ಬರ್ತಾಳ ಅಂತ ಯಾರೂ ಕೇಳಲಿಲ್ಲ. ಆ ಪ್ರಶ್ನೆ ನಾವೇ ಕೇಳಬೇಕು.

ವಳಸಂಗದ ಗೆಳೆಯರೇ, ಬರೋ ಸೋಮವಾರದಿಂದ ವಹಿ ಹಿಡಿಯೋಣ. ಉಳಿದ ಊರಿನವರು ನಿಮ್ಮ ನಾಕಾದ ಲೆಕ್ಕ ಬರೆದಿಡ್ರಿ, ಮುಂದಿನ ಗ್ರಾಮಸಭೆಗೆ ಎಲ್ಲಾ ಊರಿನ ಠರಾವು ಒಂದೇ ನಮೂನೆಯೊಳಗ ಹೋಗಲಿ.

ಜೈ ಕನ್ನಡ.