"ನೋ ನೆಟ್‌ವರ್ಕ್, ಫುಲ್ ನೆಮ್ಮದಿ" ಅಂತೆ! (ಭಾಗ 3)

ಪ್ರತಿ ಮಳೆಗಾಲ ನಮ್ಮ ಮಲೆನಾಡಿಗೆ ಬಂದು, ಮಂಜಿನ ಫೋಟೊ ಹಾಕಿ, "ನೋ ನೆಟ್‌ವರ್ಕ್, ಫುಲ್ ನೆಮ್ಮದಿ" ಅಂತ ಬರೀತೀರಲ್ಲ, ಈ ಪೋಸ್ಟ್ ನಿಮಗೇ ಕಣ್ರೋ. ಬೇಜಾರಾಗ್ಬೇಡಿ, ಪೂರ್ತಿ ಓದಿ.

ನಿಮಗದು ಎರಡು ದಿನದ ಮಜಾ. ನಮಗದು ವರ್ಷವಿಡೀ ಇರೋ ಭಯ.

ಹೋದ ವರ್ಷ ಆಷಾಢದಲ್ಲಿ, ತೋಟಕ್ಕೆ ಹೋಗಿದ್ದ ಪಕ್ಕದ ಮನೆ ಚಿಕ್ಕಮ್ಮನಿಗೆ ಹಾವು ಕಚ್ಚಿತು. ಮನೇಲಿದ್ದ ಎಲ್ಲರ ಕೈಲೂ ಮೊಬೈಲ್, ಒಂದರಲ್ಲೂ ಸಿಗ್ನಲ್ ಇಲ್ಲ. 108ಕ್ಕೆ ಫೋನ್ ಮಾಡೋಕೆ ನಮ್ಮಣ್ಣ ಜಡಿಮಳೇಲಿ ಗುಡ್ಡದ ತುದಿಗೆ ಓಡಿದ. ವಿಷದ ಹಾವು ಕಚ್ಚಿದ್ರೆ ಆಂಟಿವೆನಮ್ ಬೇಕು, ಅದು ಸಿಗೋದು ಆಸ್ಪತ್ರೇಲಿ. ಒಂದೊಂದು ನಿಮಿಷಕ್ಕೂ ಲೆಕ್ಕ. ಚಿಕ್ಕಮ್ಮ ಉಳಿದ್ರು. ಆದ್ರೆ ಅಣ್ಣ ದಾರೀಲಿ ಜಾರಿ ಬಿದ್ದಿದ್ರೆ?

"ಟವರ್ ಬಂದ್ರೆ ಕಾಡಿನ ಅಂದ ಹಾಳಾಗುತ್ತೆ" ಅಂತ ಒಬ್ಬರು ಕಾಮೆಂಟ್ ಹಾಕಿದ್ರು. ನಿಮ್ಮ ಜೀಪಿಗೆ ರಸ್ತೆ ಆದಾಗ, ರೆಸಾರ್ಟಿಗೆ ಕರೆಂಟ್ ಬಂದಾಗ ಅಂದ ನೆನಪಾಗ್ಲಿಲ್ವಾ? ನಮ್ಮ ಕಡೆ ಹಳ್ಳಿಯವರು "ನೋ ನೆಟ್‌ವರ್ಕ್, ನೋ ವೋಟಿಂಗ್" ಅಂತ ಬೋರ್ಡ್ ಹಿಡಿದಿದ್ದು ರೀಲ್ಸ್ ನೋಡೋಕಲ್ಲ.

ಬರೀ ಕಂಬ ನಿಲ್ಲಿಸಿದ್ರೂ ಸಾಲದು. ಕರೆಂಟ್ ಹೋಗಿ ಬ್ಯಾಟರಿ ಮುಗಿದ್ರೆ ಟವರೂ ಸತ್ತ ಹಾಗೆ. ಮಳೆಗಾಲದಲ್ಲಿ ಕರೆಂಟ್ ಹೋಗೋದೂ ಆಗಲೇ, ಸಹಾಯ ಬೇಕಾಗೋದೂ ಆಗಲೇ. ಹಾಗಾಗಿ ನಾವು ಕೇಳ್ತಿರೋದು ಮಳೇಲೂ ಕೆಲಸ ಮಾಡೋ ಟವರ್.

ಅಲ್ಲೀವರೆಗೆ, ಚಾರಣಕ್ಕೆ ಬರೋ ನೀವೂ ಇಷ್ಟು ತಿಳ್ಕೊಳ್ಳಿ:

👉 "ಎಮರ್ಜೆನ್ಸಿ ಕಾಲ್ಸ್ ಓನ್ಲಿ" ಅಂತ ತೋರಿಸಿದ್ರೆ ಹತ್ತಿರ ಬೇರೆ ಕಂಪನಿಯ ಸಿಗ್ನಲ್ ಇರಬಹುದು. 112 ಒತ್ತಿ ನೋಡಿ.
👉 ಕಾಲ್ ಹೋಗದ ಕಡೆ ಎಸ್‌ಎಂಎಸ್ ಹೋಗಬಹುದು. ಎಲ್ಲಿದ್ದೀರಿ, ಏನಾಗಿದೆ, ಎಷ್ಟು ಜನ ಅಂತ ಒಂದೇ ಮೆಸೇಜಲ್ಲಿ ಬರೀರಿ.
👉 ಜಿಪಿಎಸ್‌ಗೆ ನೆಟ್‌ವರ್ಕ್ ಬೇಡ, ಮ್ಯಾಪ್‌ಗೆ ಬೇಕು. ಮ್ಯಾಪ್ ಮನೇಲೇ ಡೌನ್‌ಲೋಡ್ ಮಾಡ್ಕೊಳ್ಳಿ.
👉 ಸಿಗ್ನಲ್ ಹುಡುಕಿ ಹುಡುಕಿ ಫೋನಿನ ಚಾರ್ಜ್ ಖಾಲಿಯಾಗುತ್ತೆ. ಫ್ಲೈಟ್ ಮೋಡ್‌ನಲ್ಲಿಡಿ.
👉 ಯಾವ ದಾರಿ, ಎಷ್ಟೊತ್ತಿಗೆ ವಾಪಸ್ ಅಂತ ಊರಲ್ಲೊಬ್ಬರಿಗೆ ಹೇಳಿ ಹೋಗಿ. ನೀವು ಬರದಿದ್ರೆ ಹುಡುಕೋಕೆ ಹೊರಡೋರು ಅವರೇ.

ನೆಮ್ಮದಿ ಬೇಕಾ? ಫೋನ್ ಆಫ್ ಮಾಡಿ ಜೇಬಲ್ಲಿಡಿ. ನಿಮಗೆ ಆ ಬಟನ್ ಇದೆ. ನಮ್ಮ ಚಿಕ್ಕಮ್ಮನಿಗೆ ಆನ್ ಮಾಡೋ ಬಟನ್ನೇ ಇಲ್ಲ.

ನಿಮ್ಮೂರಲ್ಲಿ ಸಿಗ್ನಲ್ ಸಿಗೋ ಜಾಗ ಯಾವುದು? ಕಾಮೆಂಟಲ್ಲಿ ಬರೀರಿ. ಭಾಗ 4ರಲ್ಲಿ ಪಂಚಾಯ್ತಿಗೆ ಅರ್ಜಿ ಬರೆಯೋಣ.

#ಮಲೆನಾಡು #ನೆಟ್‌ವರ್ಕ್‌ಬೇಕು