ಕೂಸು ಹುಟ್ಟುವ ಮುನ್ನವೇ ಕುಲಾವಿ

ವಿಡಿಯೊ ಗೇಮ್ ಉದ್ಯಮದ ಪಂಚಾಂಗದಲ್ಲಿ ಬೇಸಿಗೆಗೆ ಇರುವ ಅರ್ಥವೇ ಬೇರೆ. ನಮ್ಮಲ್ಲಿ ರಜೆ ಮುಗಿದು, ಶಾಲೆಗಳ ಬಾಗಿಲು ತೆರೆದು, ಮುಂಗಾರಿನ ಮೊದಲ ಮಳೆ ಬೀಳುವ ಜೂನ್ ತಿಂಗಳು ಅಮೆರಿಕ ಮತ್ತು ಯುರೋಪಿನಲ್ಲಿ ಬೇಸಿಗೆಯ ಆರಂಭ. ಮುಂದಿನ ಒಂದೆರಡು ವರ್ಷಗಳಲ್ಲಿ ಮಾರುಕಟ್ಟೆಗೆ ಬರಲಿರುವ ಆಟಗಳ ತುಣುಕುಗಳನ್ನು ಈ ಉದ್ಯಮ ಜಗತ್ತಿಗೆ ತೋರಿಸುವುದು ಆಗಲೇ. ಲಾಸ್ ಏಂಜಲೀಸ್‌ನ ವೇದಿಕೆಯಲ್ಲಿ ದೀಪ ಬೆಳಗುವ ಹೊತ್ತಿಗೆ ನಮ್ಮಲ್ಲಿ ನಡುರಾತ್ರಿ ಕಳೆದಿರುತ್ತದೆ. ಆದರೂ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಹುಡುಗರು ನಿದ್ದೆಗೆಟ್ಟು ಆ ನೇರಪ್ರಸಾರ ನೋಡುತ್ತಾರೆ. ಅವರ ಉತ್ಸಾಹವನ್ನು ಹಗುರವಾಗಿ ಕಾಣಬೇಕಿಲ್ಲ. ಆದರೆ ಆ ರಾತ್ರಿ ಅವರಿಗೆ ಮಾರಲಾಗುತ್ತಿರುವುದು ಏನು ಎಂಬ ಪ್ರಶ್ನೆಯನ್ನು ಹಿರಿಯರಾದರೂ ಕೇಳಿಕೊಳ್ಳಬೇಕು.

ಈ ಬೇಸಿಗೆ ಸಂಪ್ರದಾಯ ಆರಂಭವಾದದ್ದು 1995ರ ಮೇ ತಿಂಗಳಲ್ಲಿ. ‘ಇ3’ ಎಂಬ ಹೆಸರಿನ ವಾಣಿಜ್ಯ ಮೇಳ ಆಗ ಲಾಸ್ ಏಂಜಲೀಸ್‌ನಲ್ಲಿ ಮೊದಲ ಬಾರಿಗೆ ನಡೆಯಿತು. ಸೆಪ್ಟೆಂಬರ್‌ನಲ್ಲಿ ಬರಬೇಕಿದ್ದ ತನ್ನ ‘ಸ್ಯಾಟರ್ನ್’ ಯಂತ್ರ ಅಂದೇ ಕೆಲವು ಅಂಗಡಿಗಳಲ್ಲಿ 399 ಡಾಲರ್‌ಗೆ ಸಿಗುತ್ತದೆಂದು ಜಪಾನಿನ ಸೆಗಾ ಕಂಪನಿ ಅಲ್ಲಿ ಘೋಷಿಸಿ ಎಲ್ಲರನ್ನೂ ಬೆರಗುಗೊಳಿಸಿತು. ಬಳಿಕ ವೇದಿಕೆಯೇರಿದ ಸೋನಿ ಪ್ರತಿನಿಧಿ ತಮ್ಮ ‘ಪ್ಲೇಸ್ಟೇಷನ್’ ಯಂತ್ರದ ಬೆಲೆಯನ್ನಷ್ಟೇ ಹೇಳಿ ಕೆಳಗಿಳಿದರು: 299. ಯಂತ್ರ ಸಿಗದೆ ಹೋದ ಅಂಗಡಿಯವರು ಸೆಗಾ ಮೇಲೆ ಮುನಿದರು. ಆಡಲು ಸಾಕಷ್ಟು ಆಟಗಳೂ ಆಗ ಸಿದ್ಧವಿರಲಿಲ್ಲ. 2001ರಲ್ಲಿ ಸೆಗಾ ಯಂತ್ರಗಳ ತಯಾರಿಕೆಯನ್ನೇ ಕೈಬಿಟ್ಟಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಗ್ರಾಹಕರನ್ನು ಹದವಾಗಿ ಕಾಯಿಸುವುದೂ ವ್ಯಾಪಾರದ ಭಾಗ ಎಂಬ ಪಾಠವನ್ನು ಉದ್ಯಮ ಅಂದೇ ಕಲಿತುಕೊಂಡಿತು.

ಇ3 ಮೇಳ ಈಗ ಇತಿಹಾಸ. ಕೋವಿಡ್ ಕಾಲದಲ್ಲಿ ಕುಸಿದ ಅದನ್ನು 2023ರ ಡಿಸೆಂಬರ್‌ನಲ್ಲಿ ಶಾಶ್ವತವಾಗಿ ಮುಚ್ಚಲಾಯಿತು. 2020ರಲ್ಲಿ ಆರಂಭವಾದ ‘ಸಮ್ಮರ್ ಗೇಮ್ ಫೆಸ್ಟ್’ ಆ ಜಾಗವನ್ನು ತುಂಬಿದೆ. ಮೇಳ ಹೋಗಿ ಪ್ರಸಾರ ಬಂದಾಗ ಕಂಪನಿಗಳಿಗೂ ಗ್ರಾಹಕರಿಗೂ ನಡುವೆ ಇದ್ದ ಅಂಗಡಿಯವನೂ ಪತ್ರಕರ್ತನೂ ಬದಿಗೆ ಸರಿದರು. ಈ ಪ್ರಸಾರದಲ್ಲಿ ಒಂದು ನಿಮಿಷದ ಟ್ರೇಲರ್ ತೋರಿಸಲು ಎರಡೂವರೆ ಲಕ್ಷ ಡಾಲರ್ ತೆರಬೇಕೆಂದು 2024ರಲ್ಲಿ ಪತ್ರಿಕೆಗಳು ವರದಿ ಮಾಡಿದ್ದವು. ಅಂದರೆ ನಾವು ಸುದ್ದಿಯೆಂದು ನೋಡುವುದರಲ್ಲಿ ಬಹುಪಾಲು ಜಾಹೀರಾತು. ಸಿನಿಮಾದ ಟ್ರೇಲರ್ ಬರುವಾಗ ಸಾಮಾನ್ಯವಾಗಿ ಚಿತ್ರೀಕರಣವಾದರೂ ಮುಗಿದಿರುತ್ತದೆ. ಆಟದ ಟ್ರೇಲರ್ ಬರುವಾಗ ಆಟ ಎಷ್ಟೋ ಸಲ ಇನ್ನೂ ರೂಪುಗೊಂಡೇ ಇರುವುದಿಲ್ಲ.

ಆದರೂ ಹಣ ಮಾತ್ರ ಮೊದಲೇ ಸಂದಾಯವಾಗುತ್ತದೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರೆಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಕುಲಾವಿಯ ಖರ್ಚು ಗ್ರಾಹಕನದು. ಆಟಗಳು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಬರುತ್ತಿದ್ದ ಕಾಲದಲ್ಲಿ ಮುಂಗಡ ಕೊಡುವುದಕ್ಕೆ ಅರ್ಥವಿತ್ತು. ಅಂಗಡಿಯಲ್ಲಿ ಇಪ್ಪತ್ತೇ ಪ್ರತಿಗಳಿದ್ದರೆ ಇಪ್ಪತ್ತೊಂದನೆಯವನು ಬರಿಗೈಯಲ್ಲಿ ಹಿಂದಿರುಗಬೇಕಿತ್ತು. ಅಂತರ್ಜಾಲದಿಂದ ಇಳಿಸಿಕೊಳ್ಳುವ ಆಟ ಎಂದೂ ಮುಗಿದುಹೋಗುವ ಸರಕಲ್ಲ. ಹಾಗಿದ್ದರೂ ವಿಶೇಷ ಉಡುಪು, ವಿಶೇಷ ಆಯುಧ, ಎರಡು ದಿನ ಮೊದಲೇ ಆಡುವ ಅವಕಾಶ ಎಂಬಿತ್ಯಾದಿ ಆಮಿಷಗಳೊಡನೆ ಮುಂಗಡ ಮಾರಾಟ ಮುಂದುವರಿದಿದೆ. ವಿಮರ್ಶೆಗಳು ಪ್ರಕಟವಾಗುವ ಮೊದಲೇ ವ್ಯಾಪಾರ ಕುದುರಿಸಿಕೊಳ್ಳುವುದಷ್ಟೇ ಇದರ ಉದ್ದೇಶ.

2019ರ ಜೂನ್‌ನಲ್ಲಿ ಇ3 ವೇದಿಕೆಗೆ ನಟ ಕಿಯಾನು ರೀವ್ಸ್ ಬಂದು ‘ಸೈಬರ್‌ಪಂಕ್ 2077’ ಆಟವನ್ನು ಪರಿಚಯಿಸಿದಾಗ ಸಭಾಂಗಣ ಹುಚ್ಚೆದ್ದು ಕೂಗಿತ್ತು. 2020ರ ಡಿಸೆಂಬರ್‌ನಲ್ಲಿ ಬಿಡುಗಡೆಯಾಗುವಷ್ಟರಲ್ಲಿ 80 ಲಕ್ಷ ಮಂದಿ ಮುಂಗಡವಾಗಿ ಅದನ್ನು ಕೊಂಡಿದ್ದರು. ಹಳೆಯ ಯಂತ್ರಗಳಲ್ಲಿ ಅದು ಎಷ್ಟು ಕೆಟ್ಟದಾಗಿ ನಡೆಯಿತೆಂದರೆ ಒಂದೇ ವಾರದಲ್ಲಿ ಸೋನಿ ತನ್ನ ಮಳಿಗೆಯಿಂದ ಅದನ್ನು ತೆಗೆದುಹಾಕಿ ಹಣ ಹಿಂದಿರುಗಿಸಲು ಮುಂದಾಯಿತು. 2016ರ ಆಗಸ್ಟ್‌ನಲ್ಲಿ ಬಂದ ‘ನೋ ಮ್ಯಾನ್ಸ್ ಸ್ಕೈ’ ಆಟದ್ದೂ ಇಂಥದೇ ಕಥೆ. ಇವೆರಡನ್ನೂ ತಯಾರಕರು ಬಳಿಕ ವರ್ಷಗಟ್ಟಲೆ ದುಡಿದು ಸರಿಪಡಿಸಿದರು. ಇಂದು ಅವು ಒಳ್ಳೆಯ ಆಟಗಳೆನಿಸಿವೆ. ಅದು ಅವರ ಹೆಗ್ಗಳಿಕೆ. ಆದರೆ ಮೊದಲ ದಿನವೇ ಪೂರ್ತಿ ಬೆಲೆ ತೆತ್ತವನು ಕೊಂಡದ್ದು ಆ ಒಳ್ಳೆಯ ಆಟವನ್ನಲ್ಲ.

ಇದಕ್ಕಿಂತ ಗಂಭೀರವಾದ ಸಂಗತಿ, ಕೊಂಡ ಆಟ ನಮ್ಮ ಬಳಿ ಉಳಿಯುತ್ತದೆಯೇ ಎಂಬುದು. 2024ರ ಆಗಸ್ಟ್ 23ರಂದು ಬಿಡುಗಡೆಯಾದ ಸೋನಿಯ ‘ಕಾಂಕರ್ಡ್’ ಎಂಬ ಆಟಕ್ಕೆ ಜನ ಬರಲಿಲ್ಲ. ಸೆಪ್ಟೆಂಬರ್ 6ಕ್ಕೆ ಅದರ ಸರ್ವರ್‌ಗಳನ್ನು ನಿಲ್ಲಿಸಲಾಯಿತು. ಎಂಟು ವರ್ಷಗಳ ದುಡಿಮೆ ಎರಡು ವಾರಗಳಲ್ಲಿ ಮರೆಯಾಯಿತು. ಅಕ್ಟೋಬರ್‌ನಲ್ಲಿ ಅದನ್ನು ರೂಪಿಸಿದ ಸ್ಟುಡಿಯೊ ಕೂಡ ಬಾಗಿಲು ಹಾಕಿತು. ಕೊಂಡವರಿಗೆ ಹಣವಾದರೂ ಮರಳಿತು. ಯೂಬಿಸಾಫ್ಟ್ ಕಂಪನಿಯ ‘ದಿ ಕ್ರ್ಯೂ’ ಎಂಬ ಕಾರು ಓಟದ ಆಟವನ್ನು 2014ರಿಂದ ಆಡುತ್ತಿದ್ದವರ ಪಾಡು ಬೇರೆ. 2024ರ ಮಾರ್ಚ್ 31ರಂದು ಸರ್ವರ್ ನಿಂತಾಗ, ಒಬ್ಬರೇ ಆಡುತ್ತಿದ್ದ ಭಾಗವೂ ಸೇರಿ ಇಡೀ ಆಟ ನಿಷ್ಪ್ರಯೋಜಕವಾಯಿತು. ಕಪಾಟಿನಲ್ಲಿ ಡಿಸ್ಕ್ ಇದೆ, ಆಟವಿಲ್ಲ. ಪುಸ್ತಕದ ಪ್ರಕಾಶಕ ಅಂಗಡಿ ಮುಚ್ಚಿದ ದಿನ ನಮ್ಮ ಮನೆಯ ಪುಸ್ತಕದ ಹಾಳೆಗಳೆಲ್ಲ ಖಾಲಿಯಾದರೆ ನಾವು ಒಪ್ಪುತ್ತೇವೆಯೇ?

2025ರ ಜೂನ್ 5ರಂದು ನಿಂಟೆಂಡೊ ಬಿಡುಗಡೆ ಮಾಡಿದ ‘ಸ್ವಿಚ್ 2’ ಯಂತ್ರ ನಾಲ್ಕೇ ದಿನಗಳಲ್ಲಿ 35 ಲಕ್ಷ ಮಾರಾಟವಾಯಿತು. ಅದಕ್ಕಾಗಿ ಬಂದ ಹಲವು ಆಟಗಳ ಪೆಟ್ಟಿಗೆಯಲ್ಲಿ ಇರುವುದು ಆಟವಲ್ಲ, ಆಟವನ್ನು ಅಂತರ್ಜಾಲದಿಂದ ಇಳಿಸಿಕೊಳ್ಳಲು ಬೇಕಾದ ಕೀಲಿ ಮಾತ್ರ. ಪೆಟ್ಟಿಗೆಯೂ ಈಗ ಒಂದು ವಾಗ್ದಾನವೇ.

ಹಾಗೆಂದು ಕಾಯುವುದೇ ತಪ್ಪೆಂದು ಹೇಳಲಾಗದು. ಆಸ್ಟ್ರೇಲಿಯಾದ ಅಡಿಲೇಡ್ ನಗರದ ಟೀಮ್ ಚೆರಿ ಎಂಬ ಪುಟ್ಟ ತಂಡ ತನ್ನ ‘ಸಿಲ್ಕ್‌ಸಾಂಗ್’ ಆಟವನ್ನು ಪ್ರಕಟಿಸಿದ್ದು 2019ರ ಫೆಬ್ರುವರಿಯಲ್ಲಿ. ಆರೂವರೆ ವರ್ಷ ಅಭಿಮಾನಿಗಳು ಪ್ರತಿ ಬೇಸಿಗೆಯ ಪ್ರಸಾರದಲ್ಲೂ ಅದಕ್ಕಾಗಿ ಕಣ್ಣು ನೆಟ್ಟಿದ್ದರು. ತಂಡ ಬಹುತೇಕ ಮೌನವಾಗಿತ್ತು. 2025ರ ಆಗಸ್ಟ್‌ನಲ್ಲಿ ದಿನಾಂಕ ಪ್ರಕಟಿಸಿ, ಎರಡೇ ವಾರಗಳಲ್ಲಿ, ಸೆಪ್ಟೆಂಬರ್ 4ರಂದು ಆಟವನ್ನು ಕೊಟ್ಟಿತು. ಬೆಲೆ 20 ಡಾಲರ್. ಕೊಳ್ಳುವವರ ನೂಕುನುಗ್ಗಲಿಗೆ ದೊಡ್ಡ ದೊಡ್ಡ ಅಂತರ್ಜಾಲ ಮಳಿಗೆಗಳೇ ಕೆಲಹೊತ್ತು ಸ್ತಬ್ಧವಾದವು. ಮುಂಗಡ ಪಡೆಯದೆ, ಆಮಿಷ ಒಡ್ಡದೆ ಕಾಯಿಸಿದರೂ ಜನ ಬರುತ್ತಾರೆಂಬುದಕ್ಕೆ ಇದು ನಿದರ್ಶನ.

ತಡವಾಗುವುದು ಕೂಡ ಸದಾ ಕೆಟ್ಟದ್ದಲ್ಲ. ರಾಕ್‌ಸ್ಟಾರ್ ಕಂಪನಿಯ ‘ಗ್ರ್ಯಾಂಡ್ ಥೆಫ್ಟ್ ಆಟೊ’ ಸರಣಿಯ ಐದನೆಯ ಆಟ ಬಂದದ್ದು 2013ರಲ್ಲಿ. ಮಾರಾಟವಾದ ಪ್ರತಿಗಳು 20 ಕೋಟಿಗೂ ಹೆಚ್ಚು. ಆರನೆಯದು 2025ಕ್ಕೆ ಬರಬೇಕಿತ್ತು. 2025ರ ಮೇ ತಿಂಗಳಲ್ಲಿ ಅದನ್ನು 2026ರ ಮೇ 26ಕ್ಕೆ ಮುಂದೂಡಲಾಯಿತು; ನವೆಂಬರ್‌ನಲ್ಲಿ ಮತ್ತೆ 2026ರ ನವೆಂಬರ್ 19ಕ್ಕೆ. ಅಭಿಮಾನಿಗಳು ಕೋಪಗೊಂಡರು. ಆದರೆ ದಿನಾಂಕಕ್ಕೆ ಕಟ್ಟುಬಿದ್ದು ಕೆಲಸಗಾರರನ್ನು ಹಗಲುರಾತ್ರಿ ದುಡಿಸುವುದು ಈ ಉದ್ಯಮದ ಹಳೆಯ ರೋಗ. ಅದೇ ಕಂಪನಿಯ ಹಿಂದಿನ ಆಟವೊಂದರ ಸಂದರ್ಭದಲ್ಲಿ ವಾರಕ್ಕೆ 100 ಗಂಟೆ ದುಡಿದ ಮಾತು 2018ರಲ್ಲಿ ದೊಡ್ಡ ವಿವಾದವಾಗಿತ್ತು. ಇದು ನಮಗೆ ದೂರದ ಸಂಗತಿಯೂ ಅಲ್ಲ. 1997ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ, ದೇಶದ ಮೊದಲ ಗೇಮ್ ಸಂಸ್ಥೆಗಳಲ್ಲಿ ಒಂದಾದ ಧ್ರುವ ಇಂಟರಾಕ್ಟಿವ್ ಅನ್ನು 2019ರಲ್ಲಿ ರಾಕ್‌ಸ್ಟಾರ್ ಕೊಂಡು ತನ್ನ ಬೆಂಗಳೂರು ಸ್ಟುಡಿಯೊದೊಂದಿಗೆ ಸೇರಿಸಿಕೊಂಡಿತು. ಆರು ತಿಂಗಳ ವಿಳಂಬವೆಂದರೆ ಎಲ್ಲೋ ಒಬ್ಬ ನೌಕರ ಸಂಜೆ ಹೊತ್ತಿಗೆ ಮನೆ ಸೇರುವಂತಾಗಬಹುದು ಎಂಬುದನ್ನು ಕಾಯುವವರು ನೆನೆಯಬೇಕು.

ಕಾನೂನು ಈ ದಿಕ್ಕಿನಲ್ಲಿ ನಿಧಾನವಾಗಿ ಕಣ್ಣು ತೆರೆಯುತ್ತಿದೆ. ಮಾರುತ್ತಿರುವುದು ಪರವಾನಗಿಯನ್ನು ಮಾತ್ರವೆಂದಾದರೆ ಅದನ್ನು ಗ್ರಾಹಕನಿಗೆ ಸ್ಪಷ್ಟವಾಗಿ ತಿಳಿಸಬೇಕೆಂಬ ಕ್ಯಾಲಿಫೋರ್ನಿಯದ ಕಾಯ್ದೆ 2025ರ ಜನವರಿಯಲ್ಲಿ ಜಾರಿಗೆ ಬಂತು. ‘ದಿ ಕ್ರ್ಯೂ’ ಪ್ರಕರಣದಿಂದ ಹುಟ್ಟಿದ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿ ಐರೋಪ್ಯ ಒಕ್ಕೂಟದಲ್ಲಿ 10 ಲಕ್ಷಕ್ಕೂ ಹೆಚ್ಚು ನಾಗರಿಕರ ಸಹಿ ಸಂಗ್ರಹಿಸಿತು. ಸರ್ವರ್ ನಿಲ್ಲಿಸಿದರೂ ಕೊಂಡ ಆಟ ಆಡುವ ಸ್ಥಿತಿಯಲ್ಲಿ ಉಳಿಯಬೇಕೆಂಬುದು ಅದರ ಬೇಡಿಕೆ. ನಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಅಂಗೀಕರಿಸಿದಾಗ ಅದರ ಗಮನವೆಲ್ಲ ಹಣ ಪಣಕ್ಕಿಡುವ ಆಟಗಳ ಮೇಲಿತ್ತು. ಅದು ಅಗತ್ಯವೂ ಆಗಿತ್ತು. ಆದರೆ ಪಣವಿಲ್ಲದ ಆಟವನ್ನು ದುಡ್ಡು ಕೊಟ್ಟು ಕೊಂಡವನ ಹಕ್ಕೇನು ಎಂಬುದು ಚರ್ಚೆಗೆ ಬರಲಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಇ-ವಾಣಿಜ್ಯದ ವ್ಯಾಖ್ಯೆಯಲ್ಲಿ ಡಿಜಿಟಲ್ ಉತ್ಪನ್ನಗಳ ಉಲ್ಲೇಖವಿದೆ. ಆ ಎಳೆ ಹಿಡಿದು ಮುಂದುವರಿಯಲು ಅವಕಾಶವಿದೆ.

ಅಲ್ಲಿಯವರೆಗೆ ಮನೆಯ ಮಟ್ಟದಲ್ಲಿ ಮಾಡಬಹುದಾದದ್ದು ಸರಳ. 2020ರಲ್ಲಿ ಪ್ಲೇಸ್ಟೇಷನ್ 5ರ ಪ್ರಮುಖ ಆಟಗಳಿಗೆ ಭಾರತದಲ್ಲಿ ನಿಗದಿಯಾದ ಬೆಲೆ 4,999 ರೂಪಾಯಿ. ಅಷ್ಟು ಹಣ ಕೇಳುವ ಮಗನಿಗೋ ಮಗಳಿಗೋ ಬೇಡವೆಂದು ಗದರುವ ಬದಲು, ಬಿಡುಗಡೆಯಾಗಿ ಎರಡು ವಾರ ಕಳೆಯಲಿ, ಆಡಿದವರು ಏನನ್ನುತ್ತಾರೆ ನೋಡೋಣ, ಸರ್ವರ್ ಇಲ್ಲದೆಯೂ ನಡೆಯುತ್ತದೆಯೇ ವಿಚಾರಿಸೋಣ ಎನ್ನಬಹುದು. ಸೀರೆ ಕೊಳ್ಳುವಾಗ ಸೆರಗು ಬಿಡಿಸಿ ನೋಡುವ, ಮಾವಿನಹಣ್ಣು ಮೂಸಿ ಕೊಳ್ಳುವ ನಮಗೆ ಈ ಬುದ್ಧಿ ಹೊಸದೇನಲ್ಲ. ಮುಂದಿನ ಬೇಸಿಗೆಯ ಆಟಗಳಿಗಾಗಿ ಮಕ್ಕಳು ಆಸೆಯಿಂದ ಕಾಯಲಿ. ಹಣ ಮಾತ್ರ ಆಟ ಕೈಗೆ ಬರುವವರೆಗೆ ಜೇಬಿನಲ್ಲೇ ಕಾಯಲಿ.